ಕಂಪ್ಯೂಟರು ಹೇಳಿದ ಒಡಪು

ಸಂಗಣ್ಣ ಬಂದರಿನ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬಂದನೆಂದರೆ ಜಯಶ್ರೀ ಮೊದಲು ಮಗಳ ಕಾಲ್ಗೆಜ್ಜೆ ಬಿಚ್ಚಿಡುತ್ತಿದ್ದಳು. ಎರಡು ವರ್ಷದ ರೇಣು ಓಡಾಡಿದರೆ ಅಪ್ಪನ ನಿದ್ದೆ ಕೆಡಬಾರದು. ಅವನು ಉಣ್ಣುವನು, ಮಲಗುವನು, ಸಂಜೆ ಎದ್ದು ಡಬ್ಬಿ ಹಿಡಿದು ಹೊರಡುವನು. ಕೆಟ್ಟವನಲ್ಲ, ಒಂದು ದಿನ ಬೈದವನಲ್ಲ. ಮಾತಿಲ್ಲ, ಅಷ್ಟೇ. ರಾಜ್ಯದ ಗಡಿಯಾಚೆ, ಕೊರ್ತಾಲಿಮ್‌ನ ಆ ಚಾಳಿನಲ್ಲಿ ಅಕ್ಕಪಕ್ಕದವರೆಲ್ಲ ಕೊಂಕಣಿಯವರು. ತವರಿನಲ್ಲಿ ಓಣಿಗೆಲ್ಲ ಕೇಳುವಂತೆ ನಗುತ್ತಿದ್ದವಳು ಇಲ್ಲಿ ಕುಕ್ಕರಿನ ಸೀಟಿಗೂ ಬೆಚ್ಚುವಂತಾಗಿದ್ದಳು.

ಮದುವೆಗೆ ಮುಂಚೆ ಟೈಪಿಂಗ್ ಕಲಿತಿದ್ದಳು. ವಾಸ್ಕೋದ ಪ್ರೆಸ್ಸಿನವರೊಬ್ಬರು ಕನ್ನಡ ಲಗ್ನಪತ್ರಿಕೆ ಟೈಪು ಮಾಡಲು ಕೊಡುತ್ತೇವೆ ಅಂದಾಗ ಕಂಪ್ಯೂಟರ್ ಬೇಕಾಯಿತು. ಗಂಡನನ್ನು ಕೇಳಿದಳು. ‘ತಗೋ’ ಅಂದ. ಆ ವಾರ ಅವನಾಡಿದ ದೊಡ್ಡ ಮಾತು ಅದೇ.

ಆಫೀಸುಗಳು ತೆಗೆದುಹಾಕಿದ ಹಳೆಯ ಡೆಸ್ಕ್‌ಟಾಪುಗಳನ್ನು ರಿಪೇರಿ ಮಾಡಿ ಮಾರುವ ಶಿವಲಿಂಗ ತಾಳಿಕೋಟಿ ಕಡೆಯವನು. ಅವಳಿಗೆ ತೋರಿಸಿದ ಡಬ್ಬಕ್ಕೆ ಹಿಂದಿನ ಕಂಪನಿಯವರು ಪಾಸ್‌ವರ್ಡ್ ಹಾಕಿ ಮರೆತಿದ್ದರಂತೆ. ಅದಕ್ಕೇ ಯಂತ್ರ ಕಣ್ಣು ಬಿಡುವಾಗ ಮೊಟ್ಟಮೊದಲು ಓಡುವ ಫರ್ಮ್‌ವೇರನ್ನೇ ಅಳಿಸಿ ಬೇರೆಯದನ್ನು ತುಂಬಿದ್ದ.

‘ಹುಟ್ಟುಗುಣ ಸುಟ್ರೂ ಹೋಗಂಗಿಲ್ಲಂತಾರ್ರಿ ಅಕ್ಕಾರ. ಇದರದ್ದು ನಾ ಸುಡದನ ತೆಗದೇನಿ.’

ಮೊದಲಿಗಿಂತ ಲಗೂನ, ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ, ಆದರೆ ಏಳುವಾಗ ಬರುತ್ತಿದ್ದ ಕಂಪನಿಯ ಹೆಸರು ಈಗ ಬರುವುದಿಲ್ಲ ಎಂದ. ಆ ಜಾಗ ಖಾಲಿ ಇದೆ, ಮನೆಯವರ ಹೆಸರು ಹೇಳಿದರೆ ಅಲ್ಲಿ ಹಾಕಿಕೊಡುವೆನೆಂದ.

ಜಯಶ್ರೀ ಸೆರಗಿನ ತುದಿ ತಿರುವುತ್ತ ನಿಂತಳು. ಗಂಡನ ಹೆಸರನ್ನು ಹಾಗೆ ಬಾಯಿಬಿಟ್ಟು ಹೇಳುವುದುಂಟೆ? ಶಿವಲಿಂಗನಿಗೆ ಹೊಳೆಯಿತು.

‘ಹಂಗಾರ ಒಡಪ ಹಾಕಿ ಹೇಳ್ರಿ. ಊರ ಬಿಟ್ಟ ಮ್ಯಾಲ ನಾನೂ ಕೇಳಿಲ್ಲ.’

ಅವಳಿಗೆ ಒಡಪುಗಳಿಗೇನು ಕಡಿಮೆ? ಮದುವೆಮನೆಯ ಬಾಗಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಹಾಲು, ಸಕ್ಕರೆ, ಮಲ್ಲಿಗೆ ಎಲ್ಲದರ ಜೊತೆಗೂ ಅವನ ಹೆಸರು ಸೇರಿಸಿ ಹೇಳಿದ್ದಳು. ಇಲ್ಲಿಗೆ ಬಂದ ಮೇಲೆ ಯಾರೂ ಅಡ್ಡಗಟ್ಟಿರಲಿಲ್ಲ. ಈಗ ಬಾಯಿಗೆ ಬಂದದ್ದು ಮಾತ್ರ ಭಾಂಡೆ ತಿಕ್ಕುವಾಗ ತನ್ನಷ್ಟಕ್ಕೆ ಕಟ್ಟಿಕೊಂಡಿದ್ದ ಒಡಪು:

‘ಜುವಾರಿ ಹೊಳಿಗೆ ಇಳಿತ ಆದ ಮ್ಯಾಲ ಭರತಿ ಬಂದ ಬರತೈತಿ,
ಸಂಗಣ್ಣನವರು ಮನಿಗೆ ಬಂದ ಮ್ಯಾಲ ಮಾತು ಯಾವಾಗ ಬರತೈತಿ?’

ಶಿವಲಿಂಗ ನಕ್ಕ. ಆಮೇಲೆ ನಗು ನಿಲ್ಲಿಸಿ, ಬರೀ ಹೆಸರು ಸಾಕೋ, ಎಲ್ಲ ಹಾಕಲೋ ಎಂದು ಮೆಲ್ಲಗೆ ಕೇಳಿದ. ಹಾಕಿದರೆ ಮತ್ತೆ ಡಬ್ಬ ಬಿಚ್ಚಿಯೇ ತೆಗೆಯಬೇಕು, ವಿಚಾರ ಮಾಡಿರಿ ಎಂದ.

‘ಪೂರಾ ಹಾಕ್ರಿ’ ಅಂದಳು ಜಯಶ್ರೀ, ನೆಲ ನೋಡುತ್ತ. ಎದುರಿಗೆ ಹೇಳಲಾಗದ್ದನ್ನು ಯಂತ್ರವಾದರೂ ಹೇಳಲಿ.

ಮರುದಿನ ಬೆಳಿಗ್ಗೆ ಗಂಡ ಅಂಗಿ ಕಳಚುವ ಮೊದಲೇ ಕಂಪ್ಯೂಟರಿನ ಮುಂದೆ ನಿಲ್ಲಿಸಿದಳು. ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಅವನು ‘ಜುವಾರಿ’ ಓದುವಷ್ಟರಲ್ಲಿ ಮಾಯವಾದವು. ಸಣ್ಣಂದಿನಲ್ಲೇ ಶಾಲೆ ಬಿಟ್ಟವನು, ಅಕ್ಷರ ಕೂಡಿಸಿ ಓದುವವನು. ಯಂತ್ರವೋ ಲಗೂನ ಏಳುವಂಥದು.

‘ಮತ್ತೊಮ್ಮೆ ಹಚ್ಚು’ ಅಂದ.

ಆರಿಸಿ ಮತ್ತೆ ಹಚ್ಚಿದಳು. ‘ಇಳಿತ ಆದ ಮ್ಯಾಲ...’ ತನಕ ಹೋಗಿ ಮುಗ್ಗರಿಸಿದ. ಏನು ಬರದೈತಿ ಎಂದು ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದಳು. ಕೇಳಲಿಲ್ಲ. ಮತ್ತೆ ಹಚ್ಚಿದಾಗ ಕಣ್ಣು ಕೆಳಗಿನ ಸಾಲಿಗೆ ಹಾರಿತು.

‘ಸಂ...ಗಣ್ಣ.’ ಮುಖ ಅರಳಿತು. ‘ನನ್ನ ಹೆಸರ ಹಾಕ್ಸೀದಿ?’

‘ಹೂಂನ್ರಿ.’

‘ಚಲೋ ಆತು.’ ದಣಿದ ಎತ್ತಿನ ಬೆನ್ನು ತಟ್ಟುವಂತೆ ಡಬ್ಬದ ನೆತ್ತಿ ತಟ್ಟಿದ. ಉಂಡ. ಗೋಡೆಗೆ ಮುಖ ಮಾಡಿ ಮಲಗಿದ. ತುಟಿಯ ಮೇಲೆ ಇನ್ನೂ ನಗುವಿತ್ತು.

ಜಯಶ್ರೀ ಪ್ರೆಸ್ಸಿನವರು ಕಳಿಸಿದ ಮೊದಲ ಪತ್ರಿಕೆ ತೆರೆದಳು. ವರನ ಹೆಸರು, ವಧುವಿನ ಹೆಸರು. ಸದ್ದಾಗದಂತೆ ಒಂದೊಂದೇ ಕೀಲಿ ಮೆಲ್ಲಗೆ ಒತ್ತತೊಡಗಿದಳು.