ಮಾಳಪ್ಪನವರ ಬಾಯಿಗೆ ಬಾರದ ಮಾತು

ಕೋವಿಡ್ ಮುಗಿದ ಮರುವರ್ಷ ನಾನು ರಾಯಚೂರಿನ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ವಾರಕ್ಕೊಮ್ಮೆ ಹೈದರಾಬಾದಿನಿಂದ ಇಮ್ರಾನ್ ಎಂಬ ಕೈರೋಪ್ರಾಕ್ಟರ್ ಬರುತ್ತಿದ್ದರು. ಬೆನ್ನೆಲುಬಿನ ಬಿಗಿದ ಕೀಲುಗಳನ್ನು ಅವರು ಕೈಯಿಂದಲೇ ಒತ್ತಿ ಸಡಿಲಿಸುತ್ತಿದ್ದರು. ಆ ಸಡಿಲ ಉಳಿಯುವಂತೆ ವ್ಯಾಯಾಮ ಕಲಿಸಿ ಸ್ನಾಯುಗಳನ್ನು ಗಟ್ಟಿ ಮಾಡುವುದು ನನ್ನ ಕೆಲಸ.

ಗಬ್ಬೂರಿನ ಮಾಳಪ್ಪ ನಮ್ಮಿಬ್ಬರ ಕೈಯಲ್ಲೂ ಗುಣ ಕಂಡವರು. ದೇವದುರ್ಗ, ಮಾನ್ವಿ ಸಂತೆಗಳಿಗೆ ಕುರಿ ಒಯ್ದು ಮಾರುವ ಮನುಷ್ಯ. ಕುರಿಗಳನ್ನು ಎತ್ತಿ ಗಾಡಿಗೆ ಹಾಕಿ ಹಾಕಿ ಸೊಂಟ ಹಿಡಿದುಕೊಂಡಿತ್ತು. ಮೊದಲು ಬಂದಾಗ ಬಗ್ಗಿ ಚಪ್ಪಲಿ ಮೆಟ್ಟಲೂ ಆಗುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ನೆಲದ ಮೇಲೆ ಕೂತು ಉಣ್ಣುವಂತಾದರು. ಆಮೇಲೆ ಬರುವುದನ್ನು ನಿಲ್ಲಿಸಿದರು.

ಬೇಸಿಗೆಯಲ್ಲಿ ಮತ್ತೆ ಬಂದರು. ದೇವದುರ್ಗದ ಸಂತೆಯಲ್ಲಿ ದೊಡ್ಡ ಟಗರೊಂದನ್ನು ಎತ್ತುವಾಗ ಸೊಂಟದಲ್ಲಿ ಏನೋ ಕಡಿದಂತಾಯಿತಂತೆ. ಹೆಂಡತಿ ಲಕ್ಷ್ಮವ್ವ ಜೊತೆಗಿದ್ದರು.

"ಹೋದ ಸಲದಂಗ ಒಮ್ಮಿ ಲಟಕ್ ಅನ್ಸಿಬಿಡ್ರಿ ಡಾಕ್ಟ್ರೇ, ಸಂತಿಗೆ ಹೋಗಬೇಕು" ಎಂದು ಮಾಳಪ್ಪ ಇಮ್ರಾನ್‌ಗೆ ಹೇಳಿದರು.

ಇಮ್ರಾನ್ ಮೇಜು ಸಿದ್ಧಮಾಡಿದರು. ಮಾಳಪ್ಪ ಕೂರುವ ಮೊದಲು ಹೆಗಲ ಮೇಲಿನ ಟವೆಲನ್ನು ಮಡಚಿ ಅಡಿಗೆ ಹಾಕಿಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಮೂತ್ರ ವಿಸರ್ಜನೆಗೆ ಏನಾದರೂ ತೊಂದರೆ ಇದೆಯಾ?" ಎಂದು ಅನುಮಾನ ಬಂದು ಕೇಳಿದೆ.

"ಏನಿಲ್ರೀ" ಎಂದರು, ಗೋಡೆ ನೋಡುತ್ತ.

ಆ ಉತ್ತರ ನನಗೆ ಸರಿಯೆನಿಸಲಿಲ್ಲ. ಅವರದೇ ಮಾತಿನಲ್ಲಿ ಕೇಳಿದೆ. "ಉಚ್ಚಿ ತಾನಾಗೇ ಹೋಗಾಕತ್ತದೇನ್ರಿ?"

ನಮ್ಮ ಕೋಣೆಗೂ ಕಾಯುವವರ ಬೆಂಚಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಅದರಾಚೆ ಯಾರೋ ಕಿಸಕ್ಕನೆ ನಕ್ಕರು.

ಮಾಳಪ್ಪನವರ ಮುಖ ಕಪ್ಪಿಟ್ಟಿತು. "ಹೆಣ್ಮಗಳಾಗಿ ಇದೇನ್ ಕೇಳ್ತೀರಿ? ನಡಿಯೇ, ಹೋಗೂನು" ಎಂದು ಎದ್ದರು. ಅವರು ನಿಜವಾಗಿ ಹೊರಟುಬಿಟ್ಟರೆ ಏನಾಗಬಹುದೆಂಬುದು ನನಗೂ ಇಮ್ರಾನ್‌ಗೂ ಗೊತ್ತಿತ್ತು.

ತಡೆದವರು ಲಕ್ಷ್ಮವ್ವ. ನನ್ನ ಕಿವಿಯ ಹತ್ತಿರ ಬಂದು, "ಸಂತಿ ದಿನದಿಂದ ಧೋತರ ತೊಯ್ಯಾಕತ್ತದರೀ. ಕುಂತ ಜಾಗ ಜೋಂ ಹಿಡದದ ಅಂತಾರ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕ್ಸ್ಯಾರ" ಎಂದು ಪಿಸುಗುಟ್ಟಿದರು.

ಮಾಳಪ್ಪನವರಿಗೆ ಅದು ಕೇಳಿಸಿತು. ಅವರು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು.

ಇಮ್ರಾನ್ ಅವರ ಭುಜ ಹಿಡಿದು ಕೂರಿಸಿದರು. "ಇವತ್ತು ನಾನು ನಿಮ್ಮ ಬೆನ್ನು ಮುಟ್ಟಂಗಿಲ್ಲ ಅಣ್ಣಾ. ಮುಟ್ಟಿದ್ರ ಕಾಲು ಹೋಗಬಹುದು" ಎಂದರು. ಬೆನ್ನೆಲುಬಿನ ಕೆಳತುದಿಯ ನರಗಳ ಕಂತೆಯನ್ನು ಸರಿದ ಡಿಸ್ಕ್ ಅದುಮಿದಾಗ ಹೀಗಾಗುತ್ತದೆ. ಆಗ ಒತ್ತುವಂತಿಲ್ಲ, ವ್ಯಾಯಾಮ ಮಾಡಿಸುವಂತಿಲ್ಲ. ತಡಮಾಡದೆ ಆಪರೇಷನ್ ಆಗಬೇಕು. ನಾನೇ ಆಟೋದಲ್ಲಿ ಜೊತೆಗೆ ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಎಂಆರ್‌ಐ ನಮ್ಮ ಊಹೆಯನ್ನೇ ಹೇಳಿತು. ಅಂದೇ ಆಪರೇಷನ್ ಆಯಿತು.

ಕಾಲುಗಳು ಉಳಿದವು. ಆದರೆ ಅವರು ಮತ್ತೆ ಕ್ಲಿನಿಕ್ಕಿಗೆ ಬರಲು ಒಪ್ಪಲಿಲ್ಲ. ಆ ಬೆಂಚಿನ ಮುಂದೆ ಹಾಯಲಾರೆ ಎಂದರಂತೆ. ಹೀಗಾಗಿ ರಜೆಯ ದಿನ ಬಸ್ಸು ಹಿಡಿದು ನಾನೇ ಗಬ್ಬೂರಿಗೆ ಹೋಗಿ ನಡೆಯುವುದನ್ನು ಕಲಿಸಿದೆ. ನಡಿಗೆ ಚೆನ್ನಾಗಿಯೇ ಬಂತು. ಮೂತ್ರದ ಹಿಡಿತ ಮಾತ್ರ ಪೂರ್ತಿ ಬರಲಿಲ್ಲ. ಒಮ್ಮೆ ಹೆಂಡತಿಯನ್ನು ನೀರು ತರಲು ಕಳಿಸಿ, ನನ್ನ ಮುಖ ನೋಡದೆ ಕೇಳಿದರು: "ಇದು ಪೂರಾ ಆರಾಮಾಗ್ತದೇನ್ರೀ?"

"ಗೊತ್ತಿಲ್ರೀ" ಎಂದೆ. ಆ ಮನುಷ್ಯ ನಾಚಿಕೆ ನುಂಗಿ ಕೇಳಿದ್ದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಪರದೆಯಾಚೆಯ ಆ ನಗು ನೆನಪಾದರೆ ಇಂದಿಗೂ ತಲೆ ತಗ್ಗುತ್ತದೆ. ನಕ್ಕವರು ಯಾರೋ ಇರಬಹುದು, ಕೋಣೆ ನಮ್ಮದಾಗಿತ್ತು. ನೋವು ನಿವಾರಿಸುವುದು, ಕೀಲು ಆಡಿಸುವುದು ಓದಿನಿಂದ ಬಂದ ವಿದ್ಯೆ. ಮನುಷ್ಯನ ಮರ್ಯಾದೆ ಕಾಯ್ದು ಕೇಳುವುದನ್ನು ಕೆಲಸವೇ ಕಲಿಸಿತು. ಈಗ ಪರದೆಯ ಜಾಗದಲ್ಲಿ ಬಾಗಿಲಿದೆ. ಅದನ್ನು ಹಾಕಿ, ರೋಗಿ ಒಬ್ಬರೇ ಇರುವಾಗ, ಅವರದೇ ಮಾತಿನಲ್ಲಿ ಕೇಳುತ್ತೇನೆ. ಕೆಲವರು "ಏನಿಲ್ರೀ" ಎಂದು ಬೇರೆ ಕಡೆ ನೋಡುತ್ತಾರೆ. ಆಗ ನಾನು ಅವಸರ ಮಾಡುವುದಿಲ್ಲ, ಕಾಯುತ್ತೇನೆ.