ನೋಯೆಲಿ ಉಳಿಸಿದ ಕರಿದ್ರಾಕ್ಷಿ

ನಮ್ಮ ಕಾಸ್ತೆಲ್ರುಕ್ ಊರಿನ ಗಂಡಸರಿಗೆ ಒಂದು ಹಟವಿತ್ತು. ದ್ರಾಕ್ಷಿ ಬಳ್ಳಿ ಸವರುವ ಕತ್ತರಿ ಹೆಂಗಸಿನ ಕೈಗೆ ಹೋಗಕೂಡದು. ಗಂಡಸು ಮುಂದೆ ಸವರುತ್ತ ನಡೆಯಬೇಕು, ಹೆಂಗಸು ಹಿಂದೆ ಬಗ್ಗಿ ಕಡ್ಡಿ ಆಯ್ದು ಹೊರೆ ಕಟ್ಟಬೇಕು. ಯುದ್ಧದ ಐದು ವರ್ಷ ಈ ಗಂಡಸರು ಜರ್ಮನಿಯ ಸೆರೆಯಲ್ಲಿ ಕೂತಿದ್ದಾಗ ಬಳ್ಳಿ ಸವರಿದ್ದು ಯಾರು, ಅವರ ಮುತ್ತಜ್ಜನ ದೆವ್ವವೇ? ನೋಯೆಲಿಯಂಥ ಹೆಂಗಸರು. ಆದರೆ ಗಂಡಸರು ಮರಳಿದ ವಾರವೇ ಕತ್ತರಿಗಳು ಅವರ ಜೇಬು ಸೇರಿದವು, ಆ ಐದು ವರ್ಷ ನಡೆದೇ ಇಲ್ಲವೆಂಬಂತೆ ಊರು ಸುಮ್ಮನಾಯಿತು. ನೋಯೆಲಿಯೂ ಸುಮ್ಮನಾದಳು. ಗಂಡ ಎಮಿಲ್ ಜೀವಂತ ಬಂದನಲ್ಲ, ಆಗ ಅವಳಿಗೆ ಅದೇ ದೊಡ್ಡದಾಗಿತ್ತು.

ಸೆರೆಯಲ್ಲೇ ಎಮಿಲ್‌ನ ಪುಪ್ಪುಸ ಕೆಟ್ಟಿತ್ತು. ಆರು ವರ್ಷ ಕೆಮ್ಮಿ ಕೆಮ್ಮಿ ಹೋದ. ಅವಳಿಗೆ ಉಳಿದದ್ದು ಲೊತ್ ಹೊಳೆಯ ಮೇಲಿನ ಇಳಿಜಾರಿನಲ್ಲಿ ಸಾವಿರದ ನೂರು ಬಳ್ಳಿ, ಅದೂ ಭಾವ ಗಾಸ್ಪಾರ್‌ನೊಂದಿಗೆ ಪಾಲಿನಲ್ಲಿ. ಎಮಿಲ್‌ನ ಅಜ್ಜ ನೆಟ್ಟ ಕೋ ಜಾತಿಯ ಬಳ್ಳಿಗಳು ಅವು. ತೊಡೆಗಾತ್ರದ ಬೊಡ್ಡೆ, ಗಿಡಕ್ಕೆ ನಾಲ್ಕೈದು ಗೊಂಚಲು ಬಿಟ್ಟರೆ ಹೆಚ್ಚು. ಆದರೆ ಆ ಹಣ್ಣಿನ ವೈನು! ಲೋಟದ ಆಚೆ ಬೆರಳಿಟ್ಟರೆ ಕಾಣದಷ್ಟು ಕಪ್ಪು, ಬಾಯಿ ತುಂಬುವಂಥದು. ‘ಎಮಿಲ್ ಮನೆಯ ವೈನು ಕುಡಿಯೋದಲ್ಲ, ಅಗಿಯೋದು’ ಎಂದು ಪಕ್ಕದೂರಿನವರೂ ಹೇಳುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನೋಯೆಲಿಯ ಕತ್ತು ಎರಡಂಗುಲ ಉದ್ದವಾಗುತ್ತಿತ್ತು.

ಐವತ್ತಾರರ ಫೆಬ್ರುವರಿ ಬಂತು. ಜನವರಿಯೆಲ್ಲ ಬೆಚ್ಚಗಿದ್ದು ಬಳ್ಳಿಗಳು ಆಗಲೇ ಮೈಮುರಿಯುತ್ತಿದ್ದವು. ಒಂದೇ ರಾತ್ರಿಯಲ್ಲಿ ಚಳಿ ಇಳಿಯಿತು, ಮೂರು ವಾರ ಏಳಲಿಲ್ಲ. ನೆಲಮಾಳಿಗೆಯ ಬಾಟಲಿಗಳು ಒಡೆದವು. ಆಕ್ರೋಟು ಮರಗಳು ತಲೆಯಿಂದ ಬುಡದವರೆಗೆ ಸೀಳಿದವು. ಚಳಿ ಹೋದ ಮೇಲೆ ಗಂಡಸರು ಬಳ್ಳಿಗಳಿಗೆ ಚಾಕು ಹಾಕಿ ನೋಡಿದರು. ಎಲ್ಲಿ ಕೆರೆದರೂ ಒಳಗೆ ಕಂದು, ಹಸಿರಿನ ಸುಳಿವಿಲ್ಲ. ಗಟ್ಟಿ ಗಂಡಸರು ಹೊಲದ ಬದುವಿನಲ್ಲಿ ಕೂತು ಅತ್ತರು, ಆಮೇಲೆ ಕೀಳಿಸಲು ಶುರು ಮಾಡಿದರು.

ಗಾಸ್ಪಾರ್ ಕೂಡ ಟ್ರ್ಯಾಕ್ಟರಿನ ಬತಿಸ್ತ್‌ಗೆ ಹೇಳಿಬಂದ. ಈಸ್ಟರ್ ಮುಗಿದ ಮಂಗಳವಾರ ಇಳಿಜಾರು ಖಾಲಿಯಾಗಬೇಕು, ಅಲ್ಲಿ ಹೊಗೆಸೊಪ್ಪು ಹಾಕಬೇಕು.

“ಭಾವ, ಅದರಲ್ಲಿ ನನ್ನ ಪಾಲೂ ಇದೆ,” ಎಂದಳು ನೋಯೆಲಿ, ಸೂಪು ಬಡಿಸುತ್ತ.

“ಸತ್ತದ್ದರಲ್ಲಿ ಪಾಲು ಎಂಥದಮ್ಮಾ?”

“ಸತ್ತಿದೆ ಅಂತ ಯಾರು ಹೇಳಿದ್ದು? ಬಳ್ಳಿಗೆ ಜೀವ ಇದ್ರೆ ಸವರಿದ ಕಡೆ ಕಣ್ಣೀರು ಬರತ್ತೆ. ಸತ್ತಿದೆ ಅಂತ ನೀವ್ಯಾರೂ ಸವರಲೇ ಇಲ್ಲ. ಸವರದೆ ಅಳು ಅಂದ್ರೆ ಎಲ್ಲಿಂದ ಅಳತ್ತೆ?”

ಗಾಸ್ಪಾರ್ ಊರ ವಾಡಿಕೆಯಂತೆ ತಟ್ಟೆಯ ತಳದ ಸೂಪಿಗೆ ಒಂದು ಗುಟುಕು ವೈನು ಸುರಿದು, ಎತ್ತಿ ಕುಡಿದು, ಮೀಸೆ ಒರೆಸಿಕೊಂಡ. ಕೆಟ್ಟವನಲ್ಲ ಅವನು, ಸೋತವನು. “ಸವರ್ಕೋ ಹೋಗು. ನಿನ್ನ ಸಮಾಧಾನಕ್ಕೆ ನಾನ್ಯಾಕೆ ಅಡ್ಡ ಬರಲಿ?” ಎಂದ.

ಹೀಗೆ ನೋಯೆಲಿ ಹನ್ನೊಂದು ವರ್ಷದ ಮೇಲೆ ಕತ್ತರಿ ಹಿಡಿದಳು, ಅದೂ ಹಾಡಹಗಲಲ್ಲಿ, ಊರ ದಾರಿಗೆ ಕಾಣುವ ಇಳಿಜಾರಿನಲ್ಲಿ. ಕಾಫಿ ಅಂಗಡಿಯ ಎದುರು ಕೂತ ಗಂಡಸರಿಗೆ ಹಬ್ಬವೋ ಹಬ್ಬ. ಪಕ್ಕದ ಹೊಲದ ಆನ್ಸೆಲ್ಮ್, ನಾಲಿಗೆಗೆ ಮೂಳೆಯಿಲ್ಲದವನು, ದಾರಿಯಿಂದಲೇ ಕೂಗಿದ: “ಏನವ್ವಾ ನೋಯೆಲಿ, ಹೆಣಕ್ಕೆ ಕ್ಷೌರ ಮಾಡ್ತಾ ಇದೀಯಾ?”

“ಮುಗಿದ ಮೇಲೆ ನಿನಗೂ ಮಾಡ್ತೀನಿ, ಕೂತಿರು!”

ಅವಳನ್ನು ನೋಡಿ ನಗುತ್ತಿದ್ದವರು ಈಗ ಅವನನ್ನು ನೋಡಿ ನಕ್ಕರು. ಆದರೆ ಮೈ ಸುಳ್ಳು ಹೇಳುತ್ತದೆಯೇ? ಆರು ದಿನ ಸವರಿ ಅವಳ ಅಂಗೈ ಬೊಬ್ಬೆ ಎದ್ದು ಒಡೆದು ರಕ್ತ ಬಂತು. ಸಾವಿರದ ನೂರೂ ಮುಗಿಸಿದಳು. ಈಸ್ಟರ್ ಭಾನುವಾರ ಪೂಜೆಗೆ ಗಂಟೆ ಹೊಡೆಯುವ ಮುಂಚೆ ಹೋಗಿ ಸಾಲು ಸಾಲು ನೋಡಿದಳು. ಒಂದು ಕಡ್ಡಿಯೂ ಒದ್ದೆಯಾಗಿಲ್ಲ. ಸೋಮವಾರ ಬಿಸಿಲು ಚೆನ್ನಾಗಿ ಬಿತ್ತು, ಮತ್ತೆ ಹೋದಳು. ಸವರಿದ ಕಡೆಯೆಲ್ಲ ಒಣಗಿದ ಬಾಯಿಗಳೇ. ಎಮಿಲ್ ಸತ್ತಾಗ ಜನರೆದುರು ಅಳದವಳು ಅಲ್ಲಿ ಬೊಡ್ಡೆಯೊಂದಕ್ಕೆ ಬೆನ್ನು ಕೊಟ್ಟು ಕೂತು ಬಾಯಿಬಿಟ್ಟು ಅತ್ತಳು. ಬಳ್ಳಿ ಅಳಲಿಲ್ಲ, ಅವಳೇ ಅತ್ತಿದ್ದಾಯಿತು.

ಮಂಗಳವಾರ ಬೆಳಿಗ್ಗೆ ಬತಿಸ್ತ್ ಟ್ರ್ಯಾಕ್ಟರ್ ತಂದು ಮೊದಲ ಸಾಲಿನ ಮುಂದೆ ನಿಲ್ಲಿಸಿದ. ಗಾಸ್ಪಾರ್ ಸರಪಳಿ ಎಳೆದು ಮೊದಲ ಬೊಡ್ಡೆಗೆ ಸುತ್ತಲು ಬಗ್ಗಿದ. ಬುಡದಲ್ಲಿ ಮಣ್ಣು ಮೊಣಕಾಲೆತ್ತರ ಗುಡ್ಡೆಯಾಗಿತ್ತು, ಸರಪಳಿ ಕೂರಲಿಲ್ಲ. “ಇದೇನಿದು ಇಷ್ಟು ಮಣ್ಣು?” ಎಂದು ಗೊಣಗಿ ಗುದ್ದಲಿ ತೆಗೆದ.

ನೋಯೆಲಿ ನೋಡುತ್ತ ನಿಂತಿದ್ದಳು. ಅದು ಅವಳೇ ಏರಿಸಿದ ಮಣ್ಣು. ಚಳಿಗಾಲಕ್ಕೆ ಮುಂಚೆ ಬುಡಕ್ಕೆ ಮಣ್ಣು ಕೊಡುವ ಹಳೆಯ ಪದ್ಧತಿಯನ್ನು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಎಮಿಲ್ ಬಿಟ್ಟಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳೂ ಬಿಟ್ಟಿರಲಿಲ್ಲ. ಗುದ್ದಲಿ ಏಟಿಗೆ ಮಣ್ಣು ಸರಿದು, ಒಳಗಿನ ತೊಗಟೆ ಕಂಡಿತು. ಮೇಲಿನದರಂತೆ ಬಿರುಕು ಬಿಟ್ಟಿರಲಿಲ್ಲ ಅದು. ಅವಳಿಗೆ ಥಟ್ಟನೆ ಹೊಳೆಯಿತು: ಅಯ್ಯೋ ನನ್ನ ಬುದ್ಧಿಗಿಷ್ಟು! ಎಲ್ಲರ ಹಾಗೆ ನಾನೂ ತಲೆಯನ್ನೇ ನೋಡಿದೆನಲ್ಲ. ಚಳಿ ತಲೆಯನ್ನು ತಿಂದಿದೆ, ಮಣ್ಣೊಳಗೆ ಹೋಗಿಲ್ಲ.

“ನಿಲ್ಸಿ ಭಾವ!” ಎಂದವಳೇ ಟ್ರ್ಯಾಕ್ಟರಿನಲ್ಲಿದ್ದ ಗರಗಸ ಕಿತ್ತುಕೊಂಡು, ಮಂಡಿಯೂರಿ, ಕೈಯಿಂದಲೇ ಮಣ್ಣು ಬಗೆದಳು. ಕಾಡುಬೇರಿಗೆ ಕೋ ಕಡ್ಡಿ ಕೂಡಿಸಿದ ಕಸಿಯ ಗಂಟು ಸಿಕ್ಕಿತು. ಅದಕ್ಕಿಂತ ಕೆಳಗೆ ಕೊಯ್ದರೆ ಬರೀ ಕಾಡುಬೇರು ಚಿಗುರೀತು, ಕೆಲಸಕ್ಕೆ ಬಾರದು. ಗಂಟಿನ ಮೇಲೆ ನಾಲ್ಕು ಬೆರಳು ಬಿಟ್ಟು ಗರಗಸವಿಟ್ಟಳು.

“ಏಯ್! ಅಜ್ಜ ನೆಟ್ಟಿದ್ದರ ಕತ್ತು ಕುಯ್ತೀಯಾ? ತಲೆ ಕೆಟ್ಟಿದೆಯಾ ನಿನಗೆ?” ಎಂದು ಗಾಸ್ಪಾರ್ ಕೂಗಿದ.

“ನೀವು ಬೇರು ಸಮೇತ ಕೀಳೋಕೆ ಬಂದೋರು, ನನಗೆ ಕತ್ತಿನ ಮಾತು ಹೇಳ್ತೀರಾ? ಸುಮ್ನಿರಿ.”

ಅರವತ್ತು ವರ್ಷ ದಾಟಿದ ಬೊಡ್ಡೆ, ಸುಲಭಕ್ಕೆ ಬಗ್ಗಲಿಲ್ಲ. ತಲೆಭಾಗ ಉರುಳಿದಾಗ ಮೂವರೂ ಬಗ್ಗಿ ನೋಡಿದರು. ನಡುವೆ ಕಂದು, ಅಂಚಿನ ಸುತ್ತ ಎಳೆಹಸಿರು ಬಳೆ. ಬತಿಸ್ತ್ ಸಿಗರೇಟು ಸುತ್ತಿ ಹಚ್ಚಿದ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಆ ಹಸಿರಂಚು ಮಿನುಗಿತು, ಒದ್ದೆಯಾಯಿತು, ಒಂದು ಹನಿ ಕೂಡಿಕೊಂಡು ಜಾರಿ ಮಣ್ಣಿಗೆ ಬಿತ್ತು. ಹಿಂದೆಯೇ ಇನ್ನೊಂದು.

ಗಾಸ್ಪಾರ್ ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡ. “ಬತಿಸ್ತ್, ಟ್ರ್ಯಾಕ್ಟರ್ ತಗೊಂಡು ಹೋಗಪ್ಪಾ,” ಎಂದ. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿ, “ಹೇಳು, ಎಲ್ಲಿ ಕೊಯ್ಯಬೇಕು?” ಎಂದು ಕೇಳಿದ. ಆ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಅವನು ಅವಳ ಸಲಹೆ ಕೇಳಿದ್ದು ಅದೇ ಮೊದಲು.

ಒಂಬೈನೂರರಷ್ಟು ಬಳ್ಳಿ ಚಿಗುರಿದವು. ಎರಡನೆಯ ಚಳಿಗಾಲಕ್ಕೆ ಕಡ್ಡಿಗಳು ಬಲಿತವು. ಸುತ್ತ ಐದು ಊರಲ್ಲಿ ಹಳೆಯ ಕೋ ಉಳಿದದ್ದು ಆ ಇಳಿಜಾರಿನಲ್ಲಿ ಮಾತ್ರ. ಕಸಿ ಕಟ್ಟಲು ಕಡ್ಡಿ ಬೇಕೆಂದು ಗಂಡಸರು ಬಂದರು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ನೋಯೆಲಿ ಯಾರಿಗೂ ಇಲ್ಲವೆನ್ನಲಿಲ್ಲ. ಒಂದೇ ಕರಾರು: ತನ್ನ ಬಳ್ಳಿಗೆ ತನ್ನ ಕತ್ತರಿಯೇ ಬೀಳಬೇಕು. ಗಂಡಸರು ಬದುವಿನಲ್ಲಿ ಸಾಲಾಗಿ ಕಾದರು. ಆನ್ಸೆಲ್ಮ್‌ಗೂ ಕಡ್ಡಿಗಳ ದೊಡ್ಡ ಕಟ್ಟೇ ಸಿಕ್ಕಿತು.

ಹತ್ತು ವರ್ಷ ಕಳೆದು ಆನ್ಸೆಲ್ಮ್ ಮಗಳ ಮದುವೆ. ಬಾತುಕೋಳಿ ಮಾಂಸ, ಮೇಕೆ ಗಿಣ್ಣು, ಉದ್ದದ ಮೇಜು, ಊರೆಲ್ಲ ಅಲ್ಲಿ. ಮದುವಣಗಿತ್ತಿಯ ತಂದೆ ಎದೆಯುಬ್ಬಿಸಿಕೊಂಡು ನೋಯೆಲಿಯ ಲೋಟಕ್ಕೆ ತಾನೇ ಸುರಿದ. “ನಮ್ಮ ಹೊಲದ್ದು. ಕುಡಿದು ಹೇಳವ್ವಾ, ಹೇಗಿದೆ?”

ಅವಳು ಲೋಟವನ್ನು ಬಿಸಿಲಿಗೆ ಹಿಡಿದಳು. ಆಚೆ ಕಡೆ ಏನೂ ಕಾಣಲಿಲ್ಲ. ಒಂದು ಗುಟುಕು ತೆಗೆದುಕೊಂಡು ನಿಧಾನಕ್ಕೆ ನುಂಗಿದಳು.

“ಹೊಲ ನಿಂದು ಆನ್ಸೆಲ್ಮ್, ಬಳ್ಳಿ ನಂದು,” ಎಂದಳು ನೋಯೆಲಿ. “ಚೆನ್ನಾಗಿ ಸಾಕಿದೀಯ. ಇನ್ನೊಂದು ಲೋಟ ಹಾಕು.”