ಹಾಲಿಗೆ ಮುಂಚಿನ ತೂಕ

1997ರ ಜನವರಿ 22, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಕೊಂಡ್ಲಹಳ್ಳಿಯ ವಿಶ್ವನಾಥನ ಮನೆಯ ಹಿತ್ತಿಲಿನಲ್ಲಿ ನರ್ಸ್ ಹಲೀಮಾ ಬೀ ತಕ್ಕಡಿ ಹಿಡಿದು ಕೂತಿದ್ದರು. ಒಂದು ತಟ್ಟೆಯಲ್ಲಿ ತೂಕದ ಕಲ್ಲುಗಳು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಆಗಷ್ಟೇ ಬಿದ್ದ ಮಾಸು. ಒಳಗೆ ಅವನ ಹೆಂಡತಿ, ಬಾಣಂತಿ ಮಂಗಳಗೌರಿ, ಅವಳ ಪಕ್ಕದಲ್ಲಿ ಹುಟ್ಟಿ ಇಪ್ಪತ್ತು ನಿಮಿಷವಾಗಿದ್ದ ಹೆಣ್ಣುಮಗು. ಅದಿನ್ನೂ ತಾಯಿಯ ಹಾಲು ಕುಡಿದಿರಲಿಲ್ಲ.

ಈ ಕಡೆ ಮಾಸಿಗೆ ಕಸ ಎನ್ನುತ್ತಾರೆ. ಮಡಕೆಯಲ್ಲಿಟ್ಟು ಹೂಳುತ್ತಾರೆ, ಯಾರೂ ತೂಗುವುದಿಲ್ಲ. ವಿಶ್ವನಾಥನ ತಾಯಿ ಹೊನ್ನಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಕಸ ತೂಗಿ ಯಾರಿಗ್ ಮಾರ್ತೀಯಾ ನರ್ಸಮ್ಮ?"

ಹಲೀಮಾ ಬೀ ಕಲ್ಲುಗಳ ಲೆಕ್ಕ ಹಾಕಿದರು. ಮಾಸು 680 ಗ್ರಾಂ, ಮಗು 2100 ಗ್ರಾಂ. ಎರಡನ್ನೂ ಗಂಟೆಯ ಸಮೇತ ಸಣ್ಣ ಡೈರಿಯಲ್ಲಿ ಬರೆದುಕೊಂಡರು. ಮಾಸು ಸಾಮಾನ್ಯವಾಗಿ ಮಗುವಿನ ತೂಕದ ಐದನೇ ಒಂದು ಪಾಲೋ ಆರನೇ ಒಂದು ಪಾಲೋ ಇರುತ್ತದೆ. ಇದು ಮೂರನೇ ಒಂದು ಪಾಲಿನ ಹತ್ತಿರವಿತ್ತು. ತಕ್ಕಡಿ ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮ ಒಂದೇ ಕೋಣೆಯ ಮನೆಗೆ ಬಂದರು. ರಂಜಾನ್ ತಿಂಗಳು. ಆರೂ ಕಾಲಕ್ಕೆ ಖರ್ಜೂರದ ಒಂದು ತುಂಡು, ಒಂದು ಲೋಟ ನೀರು. ಆ ಬೀದಿಯಲ್ಲಿ ಉಪವಾಸವಿದ್ದವರು ಅವರೊಬ್ಬರೇ. ಎದುರು ಕೂತು ರೋಜಾ ಬಿಡುವವರು ಯಾರೂ ಇರಲಿಲ್ಲ.

ಮಾಸು ತೂಗುವ ಈ ತಕ್ಕಡಿ ಅವರ ಚೀಲ ಸೇರಿದ್ದು ಮೂರು ವರ್ಷದ ಹಿಂದಿನ ಒಂದು ತಪ್ಪಿನಿಂದ. ಮಂಗಳಗೌರಿಯ ಮೊದಲ ಗಂಡುಮಗುವನ್ನು ಹೆರಿಗೆ ಮಾಡಿಸಿದವರೂ ಅವರೇ. ಮಾಸು ದೊಡ್ಡದಿತ್ತು. ಮಗು ಹೊಟ್ಟೆಯಲ್ಲೇ ಚೆನ್ನಾಗಿ ಉಂಡು ಬಂದಿದೆ ಎಂದು ಸಂತೋಷದಿಂದ ಹೇಳಿದ್ದರು. ಮೂರನೇ ವಾರದಲ್ಲಿ ಮಗುವಿನ ಕೆನ್ನೆ ಉಬ್ಬಿತು, ಕಾಲು ದುಂಡಗಾಯಿತು. ಊರೆಲ್ಲ ಮೈ ತುಂಬಿಕೊಂಡಿದೆ ಎಂದಿತು. ಚಿಕ್ಕಜ್ಜ ಜಂಬುಲಿಂಗಪ್ಪ, "ಇವ್ನು ಕೊಂಡ್ಲಹಳ್ಳಿ ಪೈಲ್ವಾನ್ ಕಣ್ಲೇ" ಎಂದು ವಿಶ್ವನಾಥನ ಬೆನ್ನು ತಟ್ಟಿದರು. ಜೋಳಿಗೆ ತಕ್ಕಡಿಯಲ್ಲಿ ಮಗುವನ್ನು ತೂಗಿದ ಹಲೀಮಾ ಬೀ ಕೂಡ ವಾರಕ್ಕೆ ಆರುನೂರು ಗ್ರಾಂ ಏರಿದ್ದನ್ನು ಕಂಡು ಶಹಭಾಸ್ ಎಂದಿದ್ದರು. ಏರಿದ್ದು ಮಾಂಸವಲ್ಲ, ನೀರು.

ಕೊನೆಗೆ ದಾವಣಗೆರೆಗೆ ಒಯ್ದಾಗ ಅವರೂ ಜೊತೆಗೆ ಹೋದರು. ಮಕ್ಕಳ ವೈದ್ಯರು ಮಗುವಿನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿದರು. ಬೇಯಿಸಿದ ಮೊಟ್ಟೆಯ ಬಿಳಿಯಂತೆ ಅದು ಗಟ್ಟಿಯಾಯಿತು. ನಂತರ, ಮಾಸು ಎಷ್ಟು ತೂಕವಿತ್ತು ಎಂದು ಕೇಳಿದರು. ಹಲೀಮಾ ಬೀ ಅದನ್ನು ತೂಗಿರಲಿಲ್ಲ.

ವೈದ್ಯರು ಬಿಡಿಸಿ ಹೇಳಿದರು. ಮೂತ್ರಪಿಂಡದ ಸೋಸುವ ಪೊರೆಯೇ ಸರಿಯಾಗಿ ಹೆಣೆದುಕೊಂಡಿಲ್ಲ, ರಕ್ತದ ಸತ್ವ ಮೂತ್ರದಲ್ಲಿ ಸೋರಿಹೋಗುತ್ತಿದೆ, ಅದಕ್ಕೇ ಊತ. ಇದು ಶುರುವಾಗುವುದು ಗರ್ಭದಲ್ಲೇ. ಆಗಲೇ ಮಾಸು ಹಿಗ್ಗುತ್ತದೆ. ತಂದೆ ತಾಯಿ ಇಬ್ಬರಲ್ಲೂ ಅದೇ ದೋಷ ಒಂದೊಂದು ಅಡಗಿದ್ದು, ಎರಡೂ ಮಗುವಿಗೆ ಬಂದರೆ ಮಾತ್ರ ಈ ಕಾಯಿಲೆ. ಗುಣಪಡಿಸುವ ಔಷಧಿ ಇಲ್ಲ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಭಯ ಇದ್ದೇ ಇದೆ.

ಹಿಂತಿರುಗುವ ಬಸ್ಸಿನಲ್ಲಿ ಹಲೀಮಾ ಬೀ ಚಳ್ಳಕೆರೆ ದಾಟುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು. ಚಳ್ಳಕೆರೆಯ ಎಣ್ಣೆಗಿರಣಿಗಳ ಹಿಂದಿನ ಓಣಿಯಲ್ಲೇ ಅವರು ಸೊಸೆಯಾಗಿದ್ದರು. ಗಂಡ ವಲಿಸಾಬ ಚಿಕ್ಕಪ್ಪನ ಮಗ, ಲಾರಿ ಮೆಕ್ಯಾನಿಕ್. 1971ರಲ್ಲಿ ಹುಟ್ಟಿದ ಮಗಳು ಸುಮಯ್ಯಳಿಗೂ ಹೀಗೇ ಕೆನ್ನೆ ಉಬ್ಬಿತ್ತು, ಕಾಲು ಬೀಗಿತ್ತು. ಅತ್ತೆ ಪಾತಮ್ಮ ಒಂದು ಬಟ್ಟಲಿಗೆ ಹಲೀಮಾಳ ಹಾಲು ಹಿಂಡಿಸಿ ಅದರಲ್ಲಿ ಇರುವೆ ಬಿಟ್ಟರು. ಇರುವೆ ಸತ್ತರೆ ಹಾಲು ಕೆಟ್ಟದ್ದು ಎಂಬ ನಂಬಿಕೆ. ಇರುವೆ ಸತ್ತಿತು. ಮಗು ಹೋದ ಮೇಲೆ ವಲಿಸಾಬ ಬಳ್ಳಾರಿಯಲ್ಲಿ ಕೆಲಸ ಹಿಡಿದ, ಹೆಂಡತಿಯನ್ನು ಕರೆಸಿಕೊಳ್ಳಲಿಲ್ಲ. ಹಲೀಮಾ ಚಿತ್ರದುರ್ಗದಲ್ಲಿ ನರ್ಸ್ ತರಬೇತಿ ಮುಗಿಸಿ ಈ ಊರಿಗೆ ಬಂದರು. ತರಬೇತಿಯ ಹಾಸ್ಟೆಲಿನಲ್ಲಿ ಒಂದು ದಿನ ಬಟ್ಟಲಲ್ಲಿ ಬರೀ ನೀರು ಹಾಕಿ ಇರುವೆ ಬಿಟ್ಟು ನೋಡಿದ್ದರು. ಆ ಇರುವೆಯೂ ಸತ್ತಿತು. ಆದರೂ ತಮ್ಮ ಹಾಲಿನ ಮೇಲಿನ ಅನುಮಾನ ಪೂರ್ತಿ ಬಿಡಲು ದಾವಣಗೆರೆಯ ಆ ದಿನ ಬೇಕಾಯಿತು. ಇಪ್ಪತ್ಮೂರು ವರ್ಷ. ಅದನ್ನು ಹೇಳಿಕೊಳ್ಳಲು ಪಾತಮ್ಮ ಬದುಕಿರಲಿಲ್ಲ, ವಲಿಸಾಬ ಎಲ್ಲಿದ್ದಾನೋ ತಿಳಿಯದು. ಊರಿನ ಹೆಂಗಸರಿಗೆ ಆ ಮಗುವಿನ ಸುದ್ದಿಯೇ ಗೊತ್ತಿರಲಿಲ್ಲ.

ಮಂಗಳಗೌರಿಯ ಮೊದಲ ಮಗು ಉಳಿಯಲಿಲ್ಲ. ಈಗ ಅವಳ ಎರಡನೇ ಮಗು. ಮೂರನೇ ದಿನ ಹಲೀಮಾ ಬೀ ಅದರ ಮೂತ್ರವನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಬೆಳ್ಳಗೆ ಗಟ್ಟಿಯಾಯಿತು. ವಿಶ್ವನಾಥನಿಗೆ ಮಾತ್ರ ತಿಳಿಸಿದರು. ಅವ್ವನಿಗೆ ಹೇಳಬೇಡಿ ಎಂದು ಅವನು ಬೇಡಿಕೊಂಡ. ದಾವಣಗೆರೆಗೆ ಹೋಗಿ ಬಂದರು. ಅಲ್ಲಿ ಹೊಸ ಮಾತೇನೂ ಸಿಗಲಿಲ್ಲ.

ಹತ್ತೊಂಬತ್ತನೇ ದಿನ ಊತ ಕಾಣಿಸಿತು. ಇಪ್ಪತ್ನಾಲ್ಕನೇ ದಿನ ಹಲೀಮಾ ಬೀ ಹೋದಾಗ ನಡುಮನೆಯಲ್ಲಿ ಒಂದು ಹಿತ್ತಾಳೆ ಬಟ್ಟಲಿತ್ತು. ಹೊನ್ನಕ್ಕ ಗೋಡೆಯ ಬುಡದಲ್ಲಿ ಇರುವೆ ಹುಡುಕುತ್ತಿದ್ದರು. ಮಂಗಳಗೌರಿ ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಹಾಲು ಕೆಟ್ಟದ್ದೆಂದಾದರೆ ಅವಳೊಬ್ಬಳೇ ತವರು ಗೌರಸಮುದ್ರಕ್ಕೆ ಹೋಗಬೇಕು, ಮಗು ಇಲ್ಲೇ ಆಡಿನ ಹಾಲು ಕುಡಿದುಕೊಂಡು ಇರಬೇಕು. ಹಾಗೆಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಆ ಮಗುವಿಗೆ ಉಳಿದಿದ್ದದ್ದು ಕೆಲವೇ ವಾರ. ಹಲೀಮಾ ಬೀಗೆ ಅದು ಗೊತ್ತಿತ್ತು.

ಹೊನ್ನಕ್ಕನಿಗೆ ಮಂಗಳಗೌರಿ ಬೇರೆಯವಳೇನಲ್ಲ, ಸ್ವಂತ ತಮ್ಮನ ಮಗಳು. ರಕ್ತವನ್ನು ದೂರಿದರೆ ತನ್ನ ತವರನ್ನೂ ತನ್ನನ್ನೂ ದೂರಿಕೊಂಡಂತೆ. ಹಾಲು ಮಾತ್ರ ಸೊಸೆಯೊಬ್ಬಳದು.

ಹಲೀಮಾ ಬೀ ಡೈರಿ ತೆರೆದರು. "ಮಗು ಹಾಲು ಕುಡಿಯೋಕೆ ಮುಂಚೇನೆ ತೂಗಿದ್ದು ಇದು. ನೀವೇ ನಿಂತು ನೋಡಿದ್ರಿ. ಆರ್ನೂರ ಎಂಬತ್ತು ಗ್ರಾಂ. ಕಾಯಿಲೆ ಆಗ್ಲೇ ಇತ್ತು ಹೊನ್ನಕ್ಕ. ಹಾಲು ಏನ್ ಮಾಡೀತು?"

"ಹಂಗಾರೆ ಎಲ್ಲಿಂದ ಬಂತು?"

"ವಿಶ್ವಣ್ಣನಿಂದ ಒಂದು, ಮಂಗಳಾಳಿಂದ ಒಂದು. ಇಬ್ರಿಗೂ ಬಂದಿದ್ದು ನಿಮ್ ಅಪ್ಪನ ಮನೆಯಿಂದ."

ಹೊನ್ನಕ್ಕ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೆತ್ತೋಳಲ್ಲ, ಎದೆಹಾಲು ಕುಡಿಸ್ದೋಳಲ್ಲ. ನಿನಗೇನ್ ಗೊತ್ತೈತೆ ಹಾಲಿನ ಮಾತು?"

ಮಂಗಳಗೌರಿ ಗೌರಸಮುದ್ರಕ್ಕೆ ಹೋಗಲಿಲ್ಲ. ಮಗು ಏಪ್ರಿಲ್ 17ರವರೆಗೆ ಇತ್ತು. ಕುಡಿಯಲಾದಷ್ಟು ದಿನವೂ ತಾಯಿಯ ಹಾಲನ್ನೇ ಕುಡಿಯಿತು, ಅವಳ ತೊಡೆಯ ಮೇಲೆಯೇ ಹೋಯಿತು. ಹಲೀಮಾ ಬೀ 2007ರಲ್ಲಿ ನಿವೃತ್ತರಾದರು. ಅಲ್ಲಿಯವರೆಗೂ ಪ್ರತಿ ಹೆರಿಗೆಯಲ್ಲೂ ಕಸ ತೂಗಿ ಬರೆದಿಟ್ಟರು. ಊರವರು ನಗುವುದನ್ನು ಬಿಡಲಿಲ್ಲ.

ಹೊನ್ನಕ್ಕ ಅಂದು ಇರುವೆ ಹುಡುಕುವುದನ್ನು ನಿಲ್ಲಿಸಿದ್ದು ಡೈರಿಯ ಲೆಕ್ಕ ಕೇಳಿ ಅಲ್ಲ. ಹಾಲಿನ ಮಾತು ನಿನಗೇನು ಗೊತ್ತು ಎಂದು ಅವರು ಕೇಳಿದಾಗ ಹಲೀಮಾ ಬೀ ಡೈರಿ ಮುಚ್ಚಿದರು. ಆಮೇಲೆ, ಆ ಊರಿನಲ್ಲಿ ಯಾರ ಮುಂದೆಯೂ ಆಡದಿದ್ದ ಮಾತನ್ನು ಆಡಿದರು.

"ನಂಗೂ ಒಬ್ಳು ಮಗಳಿದ್ಲು. ಇರುವೆ ಸತ್ತಿತು ಅಂತ ನನ್ನ ಹಾಲು ಬಿಡಿಸಿದ್ರು, ಮಗೀನ ಬೇರೆ ಕೋಣೇಲಿ ಇಟ್ರು. ಆಡಿನ ಹಾಲು ಕುಡಿಸಿದ್ರು. ಊತ ಇಳೀಲಿಲ್ಲ ಹೊನ್ನಕ್ಕ. ಗೋಡೆ ಆಚೆ ಅಳ್ತಿದ್ಲು, ನಾನು ಈ ಕಡೆ ಕೇಳ್ತಾ ಕೂತಿದ್ದೆ. ಮೂವತ್ತೊಂದು ದಿನ."